ಫೋರ್‌ಮನ್ನರು ನನ್ನಲ್ಲಿ ಕೇಳಿದ್ದು

ಓಡುವ ಮೋಟಾರನ್ನು ಮುಟ್ಟಿ ನೋಡುವಾಗ ಅವರು ಅಂಗೈ ಇಡುತ್ತಿರಲಿಲ್ಲ. ಬೆರಳುಗಳನ್ನು ಒಳಕ್ಕೆ ಮಡಚಿ ಹಿಂಗೈಯನ್ನು ಮೆಲ್ಲನೆ ತಾಗಿಸುತ್ತಿದ್ದರು. ಕರೆಂಟು ಹೊಡೆದರೆ ಬೆರಳುಗಳು ಬಿಗಿದುಕೊಳ್ಳುತ್ತವೆ. ಅಂಗೈ ಇಟ್ಟವನು ಮೋಟಾರನ್ನೇ ಹಿಡಿದುಕೊಂಡು ಬಿಡುತ್ತಾನೆ, ಹಿಂಗೈ ಇಟ್ಟವನ ಕೈ ತಾನಾಗಿ ಹಿಂದೆ ಬರುತ್ತದೆ. ಇದನ್ನು ನಮಗೆ ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಆಮೇಲೆ ನಮ್ಮಲ್ಲಿ ಯಾರಾದರೂ ಮರೆತು ಅಂಗೈ ಚಾಚಿದರೆ, ಮಾತಾಡದೆ ಮಣಿಕಟ್ಟು ಹಿಡಿದು ತಿರುಗಿಸುತ್ತಿದ್ದರು. ನನಗೀಗ ಎಪ್ಪತ್ತು ದಾಟಿದೆ. ಮೊಮ್ಮಗಳಿಗೆ ಜ್ವರ ಉಂಟೋ ಎಂದು ನೋಡುವುದಕ್ಕೂ ನನ್ನ ಹಿಂಗೈಯೇ ಮುಂದೆ ಹೋಗುತ್ತದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದರೆ ಅವರ ಮಕ್ಕಳಲ್ಲಿ ಒಂದು ಮಾತು ಕೇಳಬೇಕು. ಕೇಳುವ ಮುಖ ನನಗಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ಫೋರ್‌ಮನ್ನರು ಎಂದೇ ಕರೆಯುತ್ತೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ಪುತ್ತೂರಿನ ಹೊರಗೆ ಒಂದು ಹಂಚಿನ ಕಾರ್ಖಾನೆಗೆ ಹೊಸದಾಗಿ ಕರೆಂಟು ಬಂದಿತ್ತು. ಹಳೆಯ ಎಂಜಿನನ್ನು ಮೂಲೆಗೆ ತಳ್ಳಿ ಧಣಿಗಳು ಮೂರು ದೊಡ್ಡ ಮೋಟಾರು, ಅವುಗಳ ಸ್ಟಾರ್ಟರು, ಒಂದು ಬೀರುವಿನಷ್ಟು ಎತ್ತರದ ಕಂಟ್ರೋಲ್ ಪ್ಯಾನೆಲ್ಲು ಎಲ್ಲ ತರಿಸಿದರು. ತರಿಸಿದ ಮೇಲೆ ಗೊತ್ತಾಯಿತು, ಅವು ನಿಂತರೆ ಯಾಕೆ ನಿಂತವು ಎಂದು ಹೇಳುವವರು ಈ ಊರಿನಲ್ಲಿ ಇಲ್ಲ ಎಂದು. ಮಂಗಳೂರಿನಿಂದ ಮೆಕ್ಯಾನಿಕ್ಕು ಬರುವಷ್ಟರಲ್ಲಿ ಎರಡು ದಿನ ಹೋಗಿ, ಹದ ಮಾಡಿದ ಮಣ್ಣೆಲ್ಲ ಒಣಗಿ ಕಲ್ಲಾಗುತ್ತಿತ್ತು. ಆಗ ಕರೆಸಿದ್ದು ಇವರನ್ನು. ಕಡಬದ ಕಡೆಯ ಬ್ಯಾರಿ ಮುಸಲ್ಮಾನರ ಮನೆತನದವರು. ಬೊಂಬಾಯಿಯಿಂದ ಹೊರಡುವ ಹಡಗುಗಳಲ್ಲಿ ಹದಿನೆಂಟು ವರ್ಷ ಎಲೆಕ್ಟ್ರೀಷಿಯನ್ ಆಗಿದ್ದು ಊರಿಗೆ ಮರಳಿದ್ದರು. ಮೆಷಿನು ನೋಡಿಕೊಳ್ಳುವುದರ ಜೊತೆಗೆ ಐದು ಜನರನ್ನು ತಯಾರು ಮಾಡಿಕೊಡಬೇಕು ಎಂದು ಧಣಿಗಳು ಅವರೊಡನೆ ಮಾತಾಡಿಕೊಂಡರು. ಆ ಐವರಲ್ಲಿ ನಾನೊಬ್ಬ. ಸುಳ್ಯದ ಹತ್ತಿರದ ಆಲೆಟ್ಟಿಯವನು, ಹತ್ತನೆಯ ಕ್ಲಾಸು ಮುಗಿಸಿ ನಾಲ್ಕು ವರ್ಷ ಅಲ್ಲಿ ಇಲ್ಲಿ ಲೆಕ್ಕ ಬರೆದು ಬೇಸತ್ತಿದ್ದವನು.

ಮೊದಲ ಒಂದು ತಿಂಗಳು ಅವರು ನಮಗೆ ಸ್ಕ್ರೂಡ್ರೈವರ್ ಕೂಡ ಕೊಡಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾರ್ಖಾನೆ ಸುತ್ತಬೇಕು, ಕಿವಿಯಲ್ಲೇ ಕೆಲಸ. ನಮಗೆ ನಾಚಿಕೆ. ಕೆಲಸದವರು ನಗುತ್ತಿದ್ದರು. ಒಂದು ದಿನ ನಮ್ಮನ್ನೆಲ್ಲ ಮಣ್ಣು ಕಲಸುವ ಮೆಷಿನಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಬುಟ್ಟಿಯಿಂದ ಮಣ್ಣು ಹಾಕುತ್ತಿದ್ದವಳು ಲಚ್ಚು. ಮೂವತ್ತರ ಆಸುಪಾಸಿನ ಹೆಂಗಸು, ತುಂಬಾ ಮಾತಿನವಳಲ್ಲ.

"ಇವತ್ತು ಎಂತ ಹೇಳ್ತದೆ ನಿನ್ನ ಮೆಷಿನು?" ಎಂದು ಫೋರ್‌ಮನ್ನರು ಕೇಳಿದರು.

ಲಚ್ಚು ಬುಟ್ಟಿ ಇಳಿಸಿ ಒಂದು ಗಳಿಗೆ ಕಿವಿಗೊಟ್ಟಳು. "ಬೆಳಿಗ್ಗೆಯಿಂದ ಮೂಗಿನಲ್ಲಿ ಮಾತಾಡಿದ ಹಾಗೆ ಉಂಟು. ನಿನ್ನೆ ಹಾಗೆ ಇರ್ಲಿಲ್ಲ."

ಅವರು ಮೋಟಾರು ನಿಲ್ಲಿಸಿ ಫ್ಯೂಸುಗಳನ್ನು ತೆಗೆದು ತೋರಿಸಿದರು. ಮೂರರಲ್ಲಿ ಒಂದು ಸುಟ್ಟಿತ್ತು. ಮೋಟಾರು ಉಳಿದ ಎರಡು ಲೈನಿನಲ್ಲೇ ಏದುಸಿರು ಬಿಡುತ್ತಾ ಓಡುತ್ತಿತ್ತು. ಇನ್ನರ್ಧ ಗಂಟೆ ಹಾಗೇ ಬಿಟ್ಟಿದ್ದರೆ ಒಳಗಿನ ತಂತಿಯ ಸುರುಳಿ ಸುಟ್ಟು ಹೋಗುತ್ತಿತ್ತಂತೆ. ಅವರು ನಮ್ಮ ಕಡೆ ತಿರುಗಿ, "ನೋಡಿ ಮಾರಾಯ್ರೆ, ನಿಮ್ಮ ಮೀಟರು ಆಮೇಲೆ. ಮೊದಲು ದಿನಾ ಅದರ ಹತ್ರ ನಿಲ್ಲುವವರನ್ನು ಕೇಳಿ. ಇವಳಿಗೆ ಗೊತ್ತಿದ್ದದ್ದು ನಿಮಗೆ ಯಾರಿಗೂ ಗೊತ್ತಾಗ್ಲಿಲ್ಲ" ಎಂದರು. ಲಚ್ಚು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮತ್ತೆ ಬುಟ್ಟಿ ಎತ್ತಿದಳು. ಅಂದಿನಿಂದ ಅವರು ಬೆಳಿಗ್ಗೆ ಬಂದವರೇ ಮೊದಲು ಅವಳ ಹತ್ತಿರ ಹೋಗಿ ಆ ಪ್ರಶ್ನೆ ಕೇಳುವುದು ರೂಢಿಯಾಯಿತು.

ಅದೇ ಮೆಷಿನಿನ ಮುಚ್ಚಳಕ್ಕೆ ಅವರು ತಮ್ಮ ಹಡಗಿನ ಪೆಟ್ಟಿಗೆಯಿಂದ ಒಂದು ಚಿಕ್ಕ ಸ್ವಿಚ್ಚು ತೆಗೆದು ಜೋಡಿಸಿದರು. ಮುಚ್ಚಳ ಎತ್ತಿದ ಕೂಡಲೇ ಸ್ವಿಚ್ಚು ಬಿಟ್ಟು ಮೋಟಾರು ನಿಲ್ಲುತ್ತದೆ. ಮಣ್ಣಿನ ಭಾರಕ್ಕೆ ಒಳಗಿನ ಅಲಗುಗಳು ಅಲ್ಲೇ ನಿಂತುಬಿಡುತ್ತವೆ. ಮಣ್ಣಿನಲ್ಲಿ ಬೇರು, ಕಲ್ಲು ಬಂದರೆ ಲಚ್ಚು ಕೈ ಹಾಕಿ ತೆಗೆಯಬೇಕಾಗುತ್ತಿತ್ತು. ಧಣಿಗಳು ಕೇಳದಿದ್ದರೂ ಫೋರ್‌ಮನ್ನರು ಮಾಡಿದ ಕೆಲಸ ಅದು.

ಕಲಿಸುವುದಕ್ಕೆ ಅವರಲ್ಲಿ ಕರಿಹಲಗೆ ಇರಲಿಲ್ಲ. ಬೇಯಿಸದ ಹಸಿ ಹಂಚಿನ ಮೇಲೆ ಮೊಳೆಯಿಂದ ಗೀರಿ ಸ್ಟಾರ್ಟರಿನ ಚಿತ್ರ ಬರೆಯುತ್ತಿದ್ದರು. ಕೆಲವು ತಪ್ಪಿ ಆವಿಗೆಗೆ ಹೋಗಿ, ಬೆಂದು, ಲಾರಿ ಹತ್ತಿದ್ದೂ ಉಂಟು. ಒಮ್ಮೆ ಹದಿನಾರು ಹಂಚು ಸಾಲಾಗಿ ಮಗುಚಿಟ್ಟು ಒಂದರಡಿ ಒಂದಾಣೆ ಅಡಗಿಸಿದರು. "ನಾಲ್ಕೇ ಪ್ರಶ್ನೆ. ಹುಡುಕಿ." ನಾವು ಒಂದೊಂದೇ ಹಂಚು ತೋರಿಸಿ ಸೋತೆವು. ಅವರು ಸಾಲಿನ ನಡುವೆ ಕೈ ಇಟ್ಟು ಹೇಳಿದರು: "ಈಚೆ ಎಂಟರಲ್ಲಿ ಉಂಟಾ, ಆಚೆ ಎಂಟರಲ್ಲಿ ಉಂಟಾ, ಹಾಗೆ ಕೇಳುದು. ಅಂದಾಜು ಮಾಡುದಲ್ಲ, ಅರ್ಧ ಮಾಡುದು. ಪ್ಯಾನೆಲ್ಲಿನಲ್ಲಿಯೂ ಹಾಗೆಯೇ. ನಡುವಲ್ಲಿ ಕರೆಂಟು ಉಂಟಾ ನೋಡು. ಉಂಟಾದರೆ ಕೇಡು ಅದರ ಆಚೆ." ನಮಗೆ ತುಳುವಿನಲ್ಲಿ, ಕನ್ನಡದಲ್ಲಿ ಹೇಳಿ, ನನ್ನ ಕಡೆ ನೋಡಿ ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಒಂದು ಮಾತು ತಪ್ಪುತಪ್ಪಾಗಿ ಸೇರಿಸುತ್ತಿದ್ದರು. ಎಣಿಸುವುದು ಮಾತ್ರ ಹಡಗಿನ ಅಭ್ಯಾಸದ ಹಿಂದಿಯಲ್ಲಿ.

ಆದಿತ್ಯವಾರ ಕಾರ್ಖಾನೆಗೆ ರಜೆ. ಅಂದೇ ನಮ್ಮ ನಿಜವಾದ ಕ್ಲಾಸು. ನಮ್ಮನ್ನು ಹೊರಗೆ ನಿಲ್ಲಿಸಿ ಅವರು ಪ್ಯಾನೆಲ್ಲಿನೊಳಗೆ ಒಂದು ಕೇಡು ಮಾಡಿಡುತ್ತಿದ್ದರು. ಒಂದು ಸ್ಕ್ರೂ ಸಡಿಲ, ಕಾಂಟಾಕ್ಟಿನ ನಡುವೆ ಒಂದು ಕಾಗದದ ಚೂರು, ಇಲ್ಲವೇ ಕೆಂಪು ಬಟ್ಟೆ ಸುತ್ತಿದ ಒಂದು ತುಂಡು ತಂತಿಯಿಂದ ಯಾವುದೋ ಸ್ವಿಚ್ಚಿನ ಎರಡು ತುದಿಗಳನ್ನು ಸೇರಿಸಿ ಆ ಸ್ವಿಚ್ಚೇ ಇಲ್ಲದ ಹಾಗೆ ಮಾಡುವುದು. ನಾವು ಹುಡುಕಿ ತೆಗೆಯಬೇಕು. ಯಾವ ಕೇಡು ಎಲ್ಲಿ ಇಟ್ಟದ್ದು, ಯಾರು ತೆಗೆದದ್ದು ಎಂದು ಒಂದು ಚಿಕ್ಕ ಪುಸ್ತಕದಲ್ಲಿ ಬರೆದು, ಬರೆದ ಮೇಲೆಯೇ ಬೀಗ ಹಾಕಿ ಹೋಗುತ್ತಿದ್ದರು.

ಐವರಲ್ಲಿ ಬೇಗ ಹುಡುಕುವವನು ನಾನು. ಅದನ್ನು ಅವರು ಬಾಯಿಬಿಟ್ಟು ಹೊಗಳಲಿಲ್ಲ. ಆದರೆ ಶುಕ್ರವಾರ ಮಧ್ಯಾಹ್ನ ಮಸೀದಿಗೆ ಹೋಗುವಾಗ ಪ್ಯಾನೆಲ್ಲಿನ ಬೀಗದ ಕೈ ಕೊಟ್ಟು ಹೋಗುತ್ತಿದ್ದದ್ದು ನನ್ನ ಕೈಯಲ್ಲಿ.

ಆ ವರ್ಷದ ಮಳೆಗಾಲದ ಒಂದು ಆದಿತ್ಯವಾರ ಅವರು ಪ್ಯಾನೆಲ್ಲಿನೊಳಗೆ ಕೆಂಪು ತಂತಿಯನ್ನು ಮುಚ್ಚಳದ ಸ್ವಿಚ್ಚಿನ ತುದಿಗಳಿಗೇ ಕಟ್ಟಿದ್ದರು. ಹುಡುಕಿದವನು ನಾನು. ತಂತಿ ಬಿಚ್ಚಿ ತೆಗೆದವನೂ ನಾನು, ಉಳಿದ ನಾಲ್ವರು ಹೊರಗಿದ್ದಾಗ. ಅಷ್ಟರಲ್ಲಿ ಸುಳ್ಯದ ಒಂದು ಮರದ ಮಿಲ್ಲಿನಿಂದ ಜೀಪು ಬಂತು. ಅಲ್ಲಿ ಮೋಟಾರಿನಿಂದ ಹೊಗೆ ಬರುತ್ತಿದೆ ಎಂದು ಅವರನ್ನು ಕರೆದುಕೊಂಡು ಹೋದರು. ಅವಸರದಲ್ಲಿ ಅವರು ತೆಗೆದದ್ದನ್ನು ಪುಸ್ತಕದಲ್ಲಿ ಬರೆಯಲಿಲ್ಲ. ತಂತಿ ನನ್ನ ಜೇಬಿನಲ್ಲಿ ಉಳಿಯಿತು.

ಮರುವಾರ ಬಿಡದೆ ಮಳೆ. ಗುರುವಾರ ಬೆಳಿಗ್ಗೆ ಫೋರ್‌ಮನ್ನರು ಧಣಿಗಳ ಮನೆಯ ಪಂಪು ನೋಡಲು ಹೋಗಿದ್ದಾಗ ಮಣ್ಣಿನ ಮೆಷಿನು ನಿಂತುನಿಂತು ಹೋಗತೊಡಗಿತು. ಮುಚ್ಚಳದ ಸ್ವಿಚ್ಚಿಗೆ ಕೆಸರು ನೀರು ಇಳಿದಿರಬೇಕು ಎಂದು ನನಗೆ ಅನ್ನಿಸಿತು. ಖಾತ್ರಿ ಮಾಡಿಕೊಳ್ಳಲು ಪ್ಯಾನೆಲ್ಲು ತೆರೆದು, ಜೇಬಿನಲ್ಲಿದ್ದ ಕೆಂಪು ತಂತಿಯಿಂದ ಸ್ವಿಚ್ಚಿನ ಎರಡು ತುದಿ ಸೇರಿಸಿದೆ. ಮೋಟಾರು ನಿಲ್ಲದೆ ಓಡಿತು. ಅಂದರೆ ಕೇಡು ಸ್ವಿಚ್ಚಿನಲ್ಲೇ. ಅಲ್ಲಿಯವರೆಗೆ ನಾನು ಮಾಡಿದ್ದು ಅವರು ಕಲಿಸಿದ ಹಾಗೇ ಇತ್ತು. ಇನ್ನು ಸ್ವಿಚ್ಚು ಬಿಚ್ಚಿ ಒಣಗಿಸಿ, ತಂತಿ ತೆಗೆಯಬೇಕಿತ್ತು. ಮಣ್ಣು ರಾಶಿ ಬಿದ್ದಿತ್ತು. ಊಟದ ಹೊತ್ತಿಗೆ ಮಾಡುವ ಎಂದುಕೊಂಡೆ. ಅಷ್ಟರಲ್ಲಿ ಪ್ರೆಸ್ಸಿನ ಹತ್ತಿರ ಕರೆದರು. ಹೋದೆ. ಮರೆತೆ. ಲಚ್ಚುವಿಗೆ ಒಂದು ಮಾತು ಹೇಳಿದ್ದರೂ ಸಾಕಿತ್ತು. ಅದೂ ಹೇಳಲಿಲ್ಲ.

ಮಾರನೆಯ ದಿನ, ಶುಕ್ರವಾರ, ಹತ್ತು ಗಂಟೆಗೆ ಅವಳು ಒಂದು ಬೇರು ಕಂಡು ಮುಚ್ಚಳ ಎತ್ತಿದಳು. ಮುಚ್ಚಳ ಎತ್ತುವುದೂ ಕೈ ಹಾಕುವುದೂ ಅವಳಿಗೆ ವರ್ಷದಿಂದ ಒಂದೇ ಕೆಲಸ. ಪಕ್ಕದ ಪ್ರೆಸ್ಸಿನ ಗದ್ದಲದಲ್ಲಿ ಮೋಟಾರು ನಿಂತಿಲ್ಲ ಎಂದು ಅವಳಿಗೂ ಕೇಳಿಸಲಿಲ್ಲ.

ಬಲಗೈ ಮಣಿಕಟ್ಟಿನಿಂದ ಹೋಯಿತು. ಫೋರ್‌ಮನ್ನರೇ ಅವಳನ್ನು ಎತ್ತಿಕೊಂಡು ಲಾರಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಹೋದರು. ಅವರು ಹೋದಾಗ ನಾನು ಪ್ಯಾನೆಲ್ಲಿನ ಹತ್ತಿರ ಒಬ್ಬನೇ ನಿಂತಿದ್ದೆ. ತಂತಿ ತೆಗೆಯಲು ಕೈ ಚಾಚಿದೆ. ಹಿಂದಿನಿಂದ ಮ್ಯಾನೇಜರು ಬಂದು, "ಯಾರೂ ಎಂತದೂ ಮುಟ್ಟಬಾರದು" ಎಂದರು.

ಸಂಜೆ ಆಫೀಸಿನಲ್ಲಿ ಮೇಜಿನ ಮೇಲೆ ಆ ತಂತಿ ಇತ್ತು. ಮ್ಯಾನೇಜರು ಕುರ್ಚಿಯಲ್ಲಿ, ಫೋರ್‌ಮನ್ನರು ಎದುರು ನಿಂತು, ನಾವು ಐವರು ಗೋಡೆಗೆ. ಅವರ ಬಿಳಿ ಅಂಗಿಯ ಎದೆಯ ಮೇಲೆ ರಕ್ತ ಒಣಗಿತ್ತು.

"ಈ ತಂತಿ ಯಾರದ್ದು?" ಎಂದು ಮ್ಯಾನೇಜರು ಕೇಳಿದರು.

"ನನ್ನದು," ಎಂದರು ಫೋರ್‌ಮನ್ನರು. "ಕಲಿಸ್ಲಿಕ್ಕೆ ಇಟ್ಟುಕೊಂಡದ್ದು. ಹೋದ ಆದಿತ್ಯವಾರ ನಾನೇ ಅಲ್ಲಿ ಕಟ್ಟಿದ್ದು." ಪುಸ್ತಕ ತೆಗೆದು ಹಾಳೆ ಮಗುಚಿದರು. ಕಟ್ಟಿದ್ದು ಬರೆದಿತ್ತು. ತೆಗೆದದ್ದು ಬರೆದಿರಲಿಲ್ಲ. ಅವರು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿ, ತಲೆ ಎತ್ತಿ, ನನ್ನ ಕಡೆ ತಿರುಗಿದರು.

"ನೀನಲ್ವಾ ಅದನ್ನು ಹುಡುಕಿದ್ದು? ಅವತ್ತು ತೆಗೆದದ್ದು ಉಂಟಾ?"

ಅವರ ಧ್ವನಿಯಲ್ಲಿ ಸಂಶಯ ಇರಲಿಲ್ಲ. ನನ್ನ ನೆನಪನ್ನು ಸಹಾಯಕ್ಕೆ ಕೇಳುತ್ತಿದ್ದರು. ತೆಗೆದೆ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಮತ್ತೆ ಕಟ್ಟಿದ್ದು ಯಾರು ಎಂದು. ತೆಗೆಯಲಿಲ್ಲ ಎಂದರೂ ತಪ್ಪು ನನ್ನ ಮೇಲೆ ಬರುತ್ತದೆ.

"ನೆನಪಿಲ್ಲ," ಎಂದೆ.

ಮ್ಯಾನೇಜರು ನನ್ನನ್ನು ಇನ್ನೇನೂ ಕೇಳಲಿಲ್ಲ. ಅವರು ನಮ್ಮ ಮನೆಯವರನ್ನು ಬಲ್ಲವರು. ನನ್ನ ತಂದೆ ಅವರ ತೋಟಕ್ಕೆ ಬಾಳೆಗಿಡ ಕೊಟ್ಟವರು. ಬೊಂಬಾಯಿಯಿಂದ ಬಂದ ಬ್ಯಾರಿಯ ಪುಸ್ತಕದಲ್ಲಿ ಖಾಲಿ ಜಾಗ ಇತ್ತು. ಅಷ್ಟು ಸಾಕಾಯಿತು. ಫೋರ್‌ಮನ್ನರು ಪುಸ್ತಕ ಮುಚ್ಚಿ, "ಹಾಗಾದ್ರೆ ನಾನೇ ಮರೆತದ್ದು" ಎಂದರು. ಆ ವಾರ ಸೋಮವಾರದಿಂದ ಬುಧವಾರದವರೆಗೆ ಮುಚ್ಚಳ ಎತ್ತಿದಾಗ ಮೆಷಿನು ನಿಂತಿತ್ತೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿದ್ದ ಲಚ್ಚುವಿನಲ್ಲಿ ಯಾರೂ ಕೇಳಲಿಲ್ಲ. ಮೊದಲು ಅವಳನ್ನು ಕೇಳಬೇಕು ಎಂದು ನಮಗೆ ಕಲಿಸಿದ್ದ ಫೋರ್‌ಮನ್ನರಿಗೂ ಅಂದು ಅದು ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಯಾರಾದರೂ ಕೇಳಿಯಾರು ಎಂದು ನಾನು ಒಂದು ವಾರ ಹೆದರಿಕೊಂಡೇ ಇದ್ದೆ.

ಅವರನ್ನು ಕೆಲಸದಿಂದ ತೆಗೆದರು. ಮೂರು ತಿಂಗಳಿಗೆ ಅವರ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ನಾನು ಒಳ್ಳೆಯ ಫೋರ್‌ಮನ್ ಆದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೊಸಬರಿಗೆ ಅವರು ಕಲಿಸಿದ್ದನ್ನೇ ಕಲಿಸಿದೆ, ಅವರ ಮಾತುಗಳನ್ನೇ ಆಡಿದೆ. "ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟದ್ದು?" ಎಂದು ಒಬ್ಬ ಕೇಳಿದಾಗ, "ಅನುಭವದಿಂದ ಬರ್ತದೆ ಮಾರಾಯ" ಎಂದದ್ದೂ ಉಂಟು.

ಏಳು ವರ್ಷ ಹೀಗೆ ಹೋಯಿತು. ಒಂದು ದಿನ ಸುಳ್ಯದ ಅದೇ ಮರದ ಮಿಲ್ಲಿನಿಂದ ನನಗೆ ಕರೆ ಬಂತು. ಮೋಟಾರು ಸರಿಮಾಡಿ ಕೈ ತೊಳೆಯುವಾಗ ಮಿಲ್ಲಿನ ಯಜಮಾನರು ಹೇಳಿದರು: "ನಿಮಗಿಂತ ಮೊದಲು ನಿಮ್ಮ ಹಳೆ ಫೋರ್‌ಮನ್ನರನ್ನೇ ಕಡಬದಿಂದ ಕರೆಸಿದ್ದೆ. ಬಂದರು. ಪ್ಯಾನೆಲ್ಲಿನ ಬಾಗಿಲು ತೆರೆದು ಸುಮಾರು ಹೊತ್ತು ನಿಂತರು. ಮತ್ತೆ ಮುಚ್ಚಿದರು. ನನ್ನ ಕೈ ನನಗೇ ನಂಬ್ಲಿಕ್ಕೆ ಆಗುದಿಲ್ಲ, ಬೇರೆಯವರನ್ನು ಕರೀರಿ ಅಂತ ಹೇಳಿ ಬಸ್ಸಿಗೆ ಹೋದರು. ಪಾಪ, ಎಂತ ಆಯ್ತೋ."

ನಾನು ಅಲ್ಲಿಯವರೆಗೆ ನನ್ನನ್ನು ಸಮಾಧಾನಪಡಿಸಿಕೊಂಡಿದ್ದದ್ದು, ಅಷ್ಟು ಕೆಲಸ ಬಲ್ಲವರಿಗೆ ಬೇರೆಲ್ಲಾದರೂ ಕೆಲಸ ಸಿಕ್ಕಿರುತ್ತದೆ ಎಂದು. ಮರುದಿನವೇ ಕಡಬದ ಬಸ್ಸು ಹತ್ತಿದೆ.

ಅವರು ಭಾವನ ಜೀನಸಿನ ಅಂಗಡಿಯಲ್ಲಿ ಮೆಣಸು ತೂಗುತ್ತಿದ್ದರು. ಗಡ್ಡ ಪೂರ್ತಿ ನರೆತಿತ್ತು. ನನ್ನನ್ನು ಕಂಡು ತಕ್ಕಡಿ ಬಿಟ್ಟು ಎದ್ದು ಬಂದರು, ಹೆಗಲು ಹಿಡಿದರು, ಅಂಗಡಿಯ ಹಿಂದಿನ ಮನೆಯ ಜಗಲಿಗೆ ಕರೆದುಕೊಂಡು ಹೋದರು. ಕಾರ್ಖಾನೆಯ ಪ್ರತಿಯೊಂದು ಮೋಟಾರನ್ನೂ ನೆಂಟರನ್ನು ವಿಚಾರಿಸುವ ಹಾಗೆ ವಿಚಾರಿಸಿದರು. ಒಳಗೆ ಅವರ ಹೆಂಡತಿ ಚಾ ಮಾಡುತ್ತಿದ್ದ ಸದ್ದು. ಚಾ ಬರುವ ಮೊದಲೇ ಹೇಳಿಬಿಡಬೇಕು ಎಂದು ನಾನು ಹೇಳಿದೆ.

ಅವರು ಪ್ರಶ್ನೆ ಕೇಳತೊಡಗಿದರು. "ಗುರುವಾರ ಎಷ್ಟು ಗಂಟೆಗೆ? ಸ್ವಿಚ್ಚು ಬಿಚ್ಚಿ ನೋಡಿದ್ಯಾ? ತಂತಿ ಎಲ್ಲಿಂದ ಸಿಕ್ಕಿತು? ಆದಿತ್ಯವಾರದಿಂದ ನಿನ್ನ ಜೇಬಿನಲ್ಲೇ ಇತ್ತಾ?" ಒಂದೊಂದಕ್ಕೂ ಉತ್ತರ ಕೊಟ್ಟೆ.

"ಹಾಗಾದ್ರೆ ಅವತ್ತು ತೆಗೆದದ್ದು ಹೌದು."

"ಹೌದು."

"ಏಳು ವರ್ಷ," ಎಂದರು. "ಏಳು ವರ್ಷ ನಾನು ಆ ಆದಿತ್ಯವಾರದಲ್ಲಿ ಹುಡುಕಿದೆ. ಬೆಳಿಗ್ಗೆಯಿಂದ ಜೀಪು ಬರುವವರೆಗೆ ಎಲ್ಲ ನೆನಪಿತ್ತು. ತಂತಿ ಮಾತ್ರ ಸಿಗ್ಲಿಲ್ಲ. ತಲೆಯಲ್ಲಿ ಎಂತದೋ ಹೋಗಿದೆ ಅಂತ ಎಣಿಸಿದೆ. ಮನೆಯಲ್ಲಿ ದೀಪ ಆರಿಸಿದ ಮೇಲೂ ಹೆಂಡತಿಯನ್ನು ಕೇಳ್ತಿದ್ದೆ, ಆರಿಸಿದ್ದೇನಾ ಅಂತ."

ಅವರ ಹೆಂಡತಿ ಚಾದ ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಫೋರ್‌ಮನ್ನರು ತಿರುಗಿ ಬ್ಯಾರಿ ಭಾಷೆಯಲ್ಲಿ ನಾಲ್ಕೇ ಮಾತು ಹೇಳಿದರು. ‘ಮರೆತದ್ದು ನಾನಲ್ಲ’ ಎಂಬಷ್ಟು ನನಗೂ ತಿಳಿಯಿತು. ಆಕೆ ಗ್ಲಾಸು ಹಿಡಿದುಕೊಂಡೇ ನನ್ನನ್ನು ನೋಡಿದರು. ಒಳಗೆ ಹೋಗಲು ತಿರುಗಿದಾಗ ಅವರು, "ಕೊಡು, ದೂರದಿಂದ ಬಂದವ" ಎಂದರು. ಆಕೆ ಗ್ಲಾಸನ್ನು ನನ್ನ ಕೈಗೆ ಕೊಡದೆ ಹಲಗೆಯ ಮೇಲೆ ಇಟ್ಟು ಹೋದರು. ನಾನು ಅದನ್ನು ಕುಡಿದೆ. ಕುಡಿಯದೆ ಏಳುವ ಧೈರ್ಯ ಇರಲಿಲ್ಲ.

ಹೊರಡುವಾಗ ಅವರು ರಸ್ತೆಯವರೆಗೆ ಬಂದರು. ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. "ನನ್ನ ಹತ್ರ ಹೇಳಿದ್ದು ಆಯ್ತು. ಲಚ್ಚುವಿನ ಹತ್ರ ಹೇಳು. ಅವಳಿಗೆ ನನ್ನ ಮೇಲೆ ಸಿಟ್ಟುಂಟು. ಅದು ನನಗೆ ಸಹಿಸ್ಲಿಕ್ಕೆ ಆಗುದಿಲ್ಲ."

"ಹೇಳ್ತೇನೆ."

"ಯಾವಾಗ?"

"ಈ ವಾರದಲ್ಲೇ."

ನಾನು ಹೋಗಲಿಲ್ಲ. ಲಚ್ಚು ಇದ್ದದ್ದು ಕಾರ್ಖಾನೆಯಿಂದ ಒಂದು ಮೈಲು ದೂರದಲ್ಲಿ, ಅಣ್ಣನ ಮನೆಯ ಪಕ್ಕದ ಚಿಕ್ಕ ಮನೆಯಲ್ಲಿ. ಎಡಗೈಯಲ್ಲೇ ಬಸಳೆ, ಹರಿವೆ ಬೆಳೆಸಿ ಸಂತೆಗೆ ತರುತ್ತಿದ್ದಳು. ಸೋಮವಾರದ ಸಂತೆಯಲ್ಲಿ ದೂರದಿಂದ ಅವಳನ್ನು ಕಂಡರೆ ನಾನು ಮೀನಿನ ಸಾಲಿನ ಕಡೆಯಿಂದ ಸುತ್ತು ಬರುತ್ತಿದ್ದೆ. ಅವಳಿಗೆ ಹೇಳಿದರೆ ಧಣಿಗಳಿಗೆ ಗೊತ್ತಾಗುತ್ತದೆ, ಆಗ ನನಗೆ ಮದುವೆಯಾಗಿ ಒಂದು ಮಗುವಿತ್ತು, ಹೀಗೆ ಕಾರಣಗಳು ಪ್ರತಿ ವಾರವೂ ಸಿಗುತ್ತಿದ್ದವು. ಎರಡು ಮಳೆಗಾಲ ಕಳೆಯಿತು.

ಕಡಬದ ಕಡೆಯ ಒಬ್ಬ ಲಾರಿ ಡ್ರೈವರು ಹಂಚು ತುಂಬಿಸಲು ಬಂದಾಗ ಹೇಳಿದ, ಫೋರ್‌ಮನ್ನರು ತೀರಿಕೊಂಡು ಹದಿನೈದು ದಿನವಾಯಿತು ಎಂದು. ಎದೆನೋವು ಬಂದು, ಅಂಗಡಿಯಲ್ಲೇ. ಕೊನೆಯ ಎರಡು ವರ್ಷ ಊರಿನವರ ಪಂಪು, ರೇಡಿಯೋ ಎಲ್ಲ ರಿಪೇರಿ ಮಾಡಿಕೊಡುತ್ತಿದ್ದರು ಎಂದೂ ಅವನೇ ಹೇಳಿದ. ಅದನ್ನು ಕೇಳಿ ಒಂದು ಕ್ಷಣ ನನಗೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು.

ಅಂದೇ ಸಂಜೆ ಬಿಸಿಲಿರುವಾಗಲೇ ಲಚ್ಚುವಿನ ಮನೆಗೆ ಹೋದೆ. ಅವಳು ಬಸಳೆಯ ಚಪ್ಪರಕ್ಕೆ ನೀರು ಹಾಕುತ್ತಿದ್ದಳು. ಅಂಗಳದ ಹಲಸಿನ ಮರದಡಿ ನಿಂತು ಎಲ್ಲ ಹೇಳಿದೆ. ಗುರುವಾರದ್ದು, ಆಫೀಸಿನದ್ದು, ಕಡಬದ್ದು, ಅವರು ತೀರಿಕೊಂಡದ್ದು. ಅವಳು ಕೊಡಪಾನ ಕೆಳಗಿಟ್ಟಳು. ನಾನು ಕಾದಿದ್ದ ಬೈಗುಳ ಬರಲಿಲ್ಲ.

"ಅವರು ಇಲ್ಲಿಗೆ ಮೂರು ಸಲ ಬಂದಿದ್ದಾರೆ," ಎಂದಳು. "ಮೊದಲ ಸಲ ತಪ್ಪಾಯ್ತು ಅಂತ ಹೇಳ್ಲಿಕ್ಕೆ ಬಂದಾಗ ನಾನು ಗೋಡೆಗೆ ತಿರುಗಿ ಮಲಗಿದೆ. ಇನ್ನೊಂದು ಸಲ ಅಣ್ಣನಿಂದ ಹೇಳಿಸಿದೆ, ಬರ್ಬೇಡಿ ಅಂತ. ಮೂರನೇ ಸಲ ನೀವು ನಿಂತ ಜಾಗದಲ್ಲಿಯೇ ಕೂತಿದ್ದರು, ಮಧ್ಯಾಹ್ನದವರೆಗೆ. ನಾನು ಬಾಗಿಲು ತೆಗೀಲಿಲ್ಲ."

ನಾನು ಆ ಜಾಗದಿಂದ ಸ್ವಲ್ಪ ಸರಿದು ನಿಂತೆ.

"ಅವರು ಹೋಗಿ ಎಷ್ಟು ದಿನ ಆಯ್ತು?"

"ಹದಿನೈದು."

"ನನಗೆ ಹೇಳು ಅಂತ ಅವರು ನಿಮಗೆ ಹೇಳಿ?"

"ಎರಡು ವರ್ಷ."

ಅವಳು ಅದನ್ನು ಮನಸ್ಸಿನಲ್ಲೇ ಕೂಡಿಸಿ ಕಳೆದು ನೋಡಿದ ಹಾಗೆ ಕಂಡಿತು. ಆಮೇಲೆ ಧ್ವನಿ ಏರಿಸದೆ ಹೇಳಿದಳು: "ನನಗೆ ಕೈ ಹೋದದ್ದು. ಕಾಲು ಇತ್ತಲ್ಲ. ಎರಡು ವರ್ಷದಲ್ಲಿ ಒಂದು ದಿನ ಕಡಬಕ್ಕೆ ಹೋಗಿ ಬರ್ತಿದ್ದೆ."

ಅವಳು ಕೊಡಪಾನದಲ್ಲಿ ಉಳಿದಿದ್ದ ನೀರನ್ನು ಬಳ್ಳಿಯ ಬುಡಕ್ಕೆ ಸುರಿದಳು.

"ಅವರ ಹೆಂಡ್ತಿ ಉಂಟಾ?"

"ಉಂಟು."

"ಮನೆ ಎಲ್ಲಿ ಬರ್ತದೆ?"

ಬಸ್ಸು ಇಳಿಯುವ ಜಾಗ, ಅಂಗಡಿಯ ಗುರುತು, ಹಿಂದಿನ ಜಗಲಿ ಎಲ್ಲ ಹೇಳಿದೆ. ನಾನೂ ಬರುತ್ತೇನೆ, ದಾರಿ ತೋರಿಸುತ್ತೇನೆ ಎಂದೆ. ಅವಳು ಬೇಡ ಎಂದಳು. "ನೀವು ಬಂದರೆ ನಿಮ್ಮ ಮಾತು ಆಗ್ತದೆ. ನನಗೆ ನನ್ನದು ಹೇಳ್ಲಿಕ್ಕುಂಟು."

ಮಾರನೆಯ ಬೆಳಿಗ್ಗೆ ಕಾರ್ಖಾನೆಗೆ ಹೋಗುವಾಗ ಅವಳು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಒಗೆದ ಸೀರೆ ಉಟ್ಟು, ಎಡಗಂಕುಳಲ್ಲಿ ಬಸಳೆಯ ಒಂದು ಕಟ್ಟು ಇಟ್ಟುಕೊಂಡಿದ್ದಳು. ಕಡಬದ ಬಸ್ಸು ಬಂತು. ನನ್ನನ್ನು ಕಂಡಳೋ ಇಲ್ಲವೋ ತಿಳಿಯದು. ಕಂಡಕ್ಟರು ಕಟ್ಟನ್ನು ತಾನು ಹಿಡಿಯುತ್ತೇನೆ ಎಂದು ಕೈ ಚಾಚಿದ. ಅವಳು ಕೊಡಲಿಲ್ಲ, ಕಂಬಿಯನ್ನು ಎಡಗೈಯಲ್ಲಿ ಹಿಡಿದು ಹತ್ತಿ ಕೂತಳು.